ಏಳು ವರ್ಷ ಜಾಗ ತಪ್ಪಿದ ನವೆಂಬರ್ 11: ಅಮೆರಿಕದ ವೆಟರನ್ಸ್ ಡೇ ಪ್ರಕರಣ

ಅಮೆರಿಕದ ಕಂಪನಿಗಳ ಜೊತೆ ಕೆಲಸ ಮಾಡುವ ಬೆಂಗಳೂರಿನವರಿಗೆ ನವೆಂಬರ್ 11 ಸ್ವಲ್ಪ ತಲೆ ತಿನ್ನುವ ದಿನ. ಆ ಕಡೆ ಬ್ಯಾಂಕ್ ಮುಚ್ಚಿರುತ್ತದೆ, ಅಂಚೆ ಬರುವುದಿಲ್ಲ, ಆದರೆ ಮೀಟಿಂಗ್‌ಗೆ ಜನ ಬಂದು ಕೂತಿರುತ್ತಾರೆ. ಒಬ್ಬರ ಮಕ್ಕಳಿಗೆ ಶಾಲೆ ರಜೆ, ಇನ್ನೊಬ್ಬರ ಮಕ್ಕಳಿಗೆ ಇಲ್ಲ. ಅಲ್ಲಿನ ಎಷ್ಟೋ ರಜೆಗಳು ಅಚ್ಚುಕಟ್ಟಾಗಿ ಸೋಮವಾರಕ್ಕೇ ಬರುತ್ತವೆ. ಇದೊಂದು ಮಾತ್ರ ಒಂದು ವರ್ಷ ಮಂಗಳವಾರ, ಇನ್ನೊಂದು ವರ್ಷ ಗುರುವಾರ.

ಇದನ್ನೂ ಸೋಮವಾರಕ್ಕೆ ತಂದಿದ್ದರು. 1971ರಿಂದ 1977ರವರೆಗೆ, ಏಳು ವರ್ಷ, ಮಾಜಿ ಸೈನಿಕರನ್ನು ಗೌರವಿಸುವ ವೆಟರನ್ಸ್ ಡೇ ಅಮೆರಿಕ ಸರ್ಕಾರದ ಲೆಕ್ಕದಲ್ಲಿ ಅಕ್ಟೋಬರ್ ತಿಂಗಳ ನಾಲ್ಕನೇ ಸೋಮವಾರ. ಆ ಬದಲಾವಣೆ ಜನರಿಗೆ ಹಿಡಿಸಲಿಲ್ಲ. ಕಾಯ್ದೆ ಮಾಡಿ ಜರುಗಿಸಿದ ದಿನವನ್ನು ಇನ್ನೊಂದು ಕಾಯ್ದೆ ಮಾಡಿ ಹಿಂದಕ್ಕೆ ಇಡಬೇಕಾಯಿತು. ವಿಚಿತ್ರ ಏನೆಂದರೆ, ಅದಕ್ಕೂ ಮೊದಲು 1954ರಲ್ಲಿ ಈ ರಜೆಯ ಹೆಸರನ್ನೇ ಬದಲಿಸಿದ್ದರು. ಆಗ ಜನ ಚಪ್ಪಾಳೆ ತಟ್ಟಿದ್ದರು. ಹೆಸರು ಹೋದರೂ ಒಪ್ಪಿದ ಜನ ತಾರೀಖು ಹೋದಾಗ ಯಾಕೆ ಒಪ್ಪಲಿಲ್ಲ? ಈ ಪ್ರಕರಣವನ್ನು ನಾನು ನೋಡುವುದು ಆ ಪ್ರಶ್ನೆ ಹಿಡಿದುಕೊಂಡು.

ಸಹಿ ಐದಕ್ಕೆ, ಕದನ ವಿರಾಮ ಹನ್ನೊಂದಕ್ಕೆ

ಮೊದಲು ತಾರೀಖು ಎಲ್ಲಿಂದ ಬಂತು ಅಂತ ನೋಡೋಣ. ಮೊದಲ ಮಹಾಯುದ್ಧದ ಕೊನೆಯಲ್ಲಿ, 1918ರ ನವೆಂಬರ್ 8ರಂದು, ಜರ್ಮನಿಯ ನಿಯೋಗ ಫ್ರಾನ್ಸ್‌ನ ಕಾಂಪಿಯೆನ್ ಕಾಡಿಗೆ ಬಂತು. ಅಲ್ಲಿ ಒಂದು ರೈಲು ಬೋಗಿ ನಿಂತಿತ್ತು. ಮಿತ್ರಪಡೆಗಳ ದಂಡನಾಯಕ ಮಾರ್ಷಲ್ ಫೋಶ್ ಅವರ ಓಡಾಡುವ ಕಚೇರಿ ಅದು. ಜರ್ಮನ್ ನಿಯೋಗದ ಮುಖ್ಯಸ್ಥ ಮಥಿಯಾಸ್ ಎರ್ಟ್ಸ್‌ಬರ್ಗರ್ ಸೈನಿಕನಲ್ಲ, ರಾಜಕಾರಣಿ. ಮಾತುಕತೆ ಅಂತ ಹೆಸರು, ಆದರೆ ಸೋತವರಿಗೆ ಚೌಕಾಸಿ ಮಾಡಲು ಜಾಸ್ತಿ ಜಾಗ ಇರಲಿಲ್ಲ. ನವೆಂಬರ್ 11ರ ಬೆಳಗಿನ ಜಾವ ಐದು ಗಂಟೆ ದಾಟಿದ ಮೇಲೆ ಸಹಿ ಬಿತ್ತು. ಗುಂಡು ನಿಲ್ಲಬೇಕಾದ ಹೊತ್ತು ಬೆಳಿಗ್ಗೆ 11 ಗಂಟೆ. ಹನ್ನೊಂದನೇ ತಿಂಗಳ ಹನ್ನೊಂದನೇ ದಿನದ ಹನ್ನೊಂದನೇ ಗಂಟೆ.

ನಡುವೆ ಸುಮಾರು ಆರು ಗಂಟೆ. ಯುದ್ಧ ಮುಗಿಯಿತು ಅಂತ ಗೊತ್ತಾದ ಮೇಲೂ ಆ ಆರು ಗಂಟೆ ಫಿರಂಗಿಗಳು ಸುಮ್ಮನಿರಲಿಲ್ಲ. ಹೆನ್ರಿ ಗುಂಥರ್ ಎಂಬ ಬಾಲ್ಟಿಮೋರ್ ಹುಡುಗನ ಕಥೆ ಅಲ್ಲಿನ ದಾಖಲೆಗಳಲ್ಲಿದೆ. ಅವನ ಹಿರಿಯರು ಜರ್ಮನಿಯಿಂದ ಬಂದು ಅಮೆರಿಕದಲ್ಲಿ ನೆಲೆಸಿದವರು. ಸೈನ್ಯದ ಕಷ್ಟಗಳ ಬಗ್ಗೆ ಮನೆಗೆ ಕಾಗದ ಬರೆದನೆಂದು ಸಾರ್ಜೆಂಟ್ ಪಟ್ಟದಿಂದ ಇಳಿಸಿದ್ದರು. ಕೊನೆಯ ದಿನ ಅವನು ಜರ್ಮನ್ ಮಷಿನ್‌ಗನ್ ಕಡೆಗೆ ಒಬ್ಬನೇ ನುಗ್ಗಿದ. ಆ ಕಡೆಯವರು ಕೈ ಬೀಸಿ ಹಿಂದಕ್ಕೆ ಹೋಗು ಅಂದರು. ಹೋಗಲಿಲ್ಲ. 10 ಗಂಟೆ 59 ನಿಮಿಷಕ್ಕೆ ಗುಂಡು ತಗುಲಿ ಸತ್ತ. ಆ ಯುದ್ಧದಲ್ಲಿ ಸತ್ತ ಕೊನೆಯ ಅಮೆರಿಕನ್ ಸೈನಿಕ ಅಂತ ಅವನ ಹೆಸರು ಉಳಿಯಿತು. ಆಮೇಲೆ ಅವನ ಪಟ್ಟವನ್ನು ವಾಪಸ್ ಕೊಟ್ಟರು.

ಇದನ್ನು ಇಷ್ಟು ಹೇಳಿದ್ದಕ್ಕೆ ಕಾರಣ ಇದೆ. ನವೆಂಬರ್ 11 ಯಾರೋ ಕಮಿಟಿಯಲ್ಲಿ ಕೂತು ಆರಿಸಿದ ತಾರೀಖಲ್ಲ. ಅದಕ್ಕೆ ಒಂದು ಗಂಟೆ ಇದೆ, ಒಂದು ನಿಮಿಷದ ಈಚೆ ಸತ್ತವನು ಇದ್ದಾನೆ. ತಮ್ಮ ಅಣ್ಣನೋ ಮಗನೋ ಆ ಗಂಟೆ ದಾಟಿ ಬದುಕಿದ ಅಂತ ಲಕ್ಷಾಂತರ ಮನೆಗಳಲ್ಲಿ ಹೇಳುತ್ತಿದ್ದರು.

ಅಂದಹಾಗೆ, ನಮ್ಮ ಮೈಸೂರು ಲ್ಯಾನ್ಸರ್ಸ್‌ಗೆ ಯುದ್ಧ ಮುಗಿದದ್ದು ಅದಕ್ಕೂ ಮೊದಲು. 1918ರ ಸೆಪ್ಟೆಂಬರ್ 23ರಂದು ಹೈಫಾ ಗೆದ್ದ ಆ ಕುದುರೆ ಪಡೆ ಅಕ್ಟೋಬರ್ 26ರಂದು ಅಲೆಪ್ಪೋ ಹತ್ತಿರದ ಹರಿತಾನ್‌ನಲ್ಲಿ ಇನ್ನೊಂದು ಕಾಳಗ ಮಾಡಿತು. ತುರ್ಕಿಯ ಜೊತೆಗಿನ ಕದನ ವಿರಾಮ ಅಕ್ಟೋಬರ್ 31ಕ್ಕೇ ಜಾರಿಗೆ ಬಂತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ. ದಿನಾ ಅದರ ಪಕ್ಕದಲ್ಲೇ ಬಸ್ಸಿನಲ್ಲಿ ಹೋಗುವವರಿಗೂ ಅದು ಯಾವ ಯುದ್ಧದ್ದು ಅಂತ ಗೊತ್ತಿರುವುದು ಕಡಿಮೆ. ಅಕ್ಟೋಬರ್ ಕೊನೆಯಲ್ಲಿ ನೆನಪಿನ ದಿನ ಇಟ್ಟರೆ ಅವರಿಗೇನೋ ಹೊಂದುತ್ತಿತ್ತು. ಅಮೆರಿಕದವರಿಗೆ ಹೊಂದಲಿಲ್ಲ.

1919ರಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ನವೆಂಬರ್ 11ನ್ನು ಆರ್ಮಿಸ್ಟೈಸ್ ಡೇ, ಅಂದರೆ ಕದನ ವಿರಾಮದ ದಿನ ಅಂತ ಮೊದಲ ಬಾರಿ ಘೋಷಿಸಿದರು. 1921ರಲ್ಲಿ ಅದೇ ದಿನ ಅಜ್ಞಾತ ಸೈನಿಕನ ಸಮಾಧಿ ಆಯಿತು. ಫ್ರಾನ್ಸ್‌ನಲ್ಲಿದ್ದ ನಾಲ್ಕು ಅಮೆರಿಕನ್ ಸ್ಮಶಾನಗಳಿಂದ ಗುರುತು ಸಿಗದ ನಾಲ್ಕು ಶವಗಳನ್ನು ತೆಗೆದು, ಶಲೋನ್ ಊರಿನ ಪುರಭವನದಲ್ಲಿ ಒಂದೇ ಥರದ ನಾಲ್ಕು ಪೆಟ್ಟಿಗೆಗಳಲ್ಲಿ ಇಟ್ಟಿದ್ದರು. ಎಡ್ವರ್ಡ್ ಯಂಗರ್ ಎಂಬ ಸಾರ್ಜೆಂಟ್ ಬಿಳಿ ಗುಲಾಬಿ ಹಿಡಿದು ಪೆಟ್ಟಿಗೆಗಳನ್ನು ಸುತ್ತು ಹಾಕಿ ಒಂದರ ಮೇಲೆ ಇಟ್ಟರು. ಆ ಪೆಟ್ಟಿಗೆ ಒಲಿಂಪಿಯಾ ಎಂಬ ಯುದ್ಧನೌಕೆಯಲ್ಲಿ ವಾಷಿಂಗ್ಟನ್‌ಗೆ ಬಂತು. ನವೆಂಬರ್ 11ರಂದು ನದಿಯಾಚೆಯ ಆರ್ಲಿಂಗ್ಟನ್ ಸೈನಿಕ ಸ್ಮಶಾನದಲ್ಲಿ ಮಣ್ಣು ಮಾಡಿದರು. ಆ ದಿನ ನದಿ ದಾಟುವ ದಾರಿಯಲ್ಲಿ ಎಂಥ ಟ್ರಾಫಿಕ್ ಜಾಮ್ ಆಯಿತೆಂದರೆ ಅಧ್ಯಕ್ಷ ಹಾರ್ಡಿಂಗ್ ಅವರ ಕಾರೂ ಸಿಕ್ಕಿಹಾಕಿಕೊಂಡಿತು. ಈಗ ಅಲ್ಲಿರುವ ಆರ್ಲಿಂಗ್ಟನ್ ಮೆಮೋರಿಯಲ್ ಸೇತುವೆಯ ಕೆಲಸ ಚುರುಕಾಗಲು ಆ ಜಾಮ್ ಕೂಡ ಒಂದು ಕಾರಣ. ಸೇತುವೆ 1932ರಲ್ಲಿ ತೆರೆಯಿತು.

ಆದರೂ ರಜೆ ಅಂತ ಕಾಯ್ದೆ ಆಗಲು 1938ರ ಮೇ 13ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ರಾಜ್ಯಗಳು ಮುಂದೆ ಹೋಗಿದ್ದವು. 1926ರ ಹೊತ್ತಿಗೇ 27 ರಾಜ್ಯಗಳಲ್ಲಿ ನವೆಂಬರ್ 11 ರಜೆಯಾಗಿತ್ತು. ಈ ಅಂಶವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಈ ರಜೆ ಮೇಲಿಂದ ಕೆಳಗೆ ಬಂದದ್ದಕ್ಕಿಂತ ಜಾಸ್ತಿ ಕೆಳಗಿಂದ ಮೇಲೆ ಹೋಯಿತು. 1938ರ ಕಾಯ್ದೆಯ ಮಾತೂ ಗಮನಿಸುವಂಥದ್ದು. ಈ ದಿನ ವಿಶ್ವಶಾಂತಿಗೆ ಮೀಸಲು ಅಂತ ಅದರಲ್ಲಿ ಬರೆದಿದ್ದರು. ಮುಂದಿನ ವರ್ಷವೇ ಎರಡನೇ ಮಹಾಯುದ್ಧ ಶುರುವಾಯಿತು.

ಚಪ್ಪಲಿ ರಿಪೇರಿ ಅಂಗಡಿಯಿಂದ ಬಂದ ಹೆಸರು

1945ರ ಹೊತ್ತಿಗೆ ಲೆಕ್ಕವೇ ಬದಲಾಗಿತ್ತು. ಮೊದಲ ಯುದ್ಧದಲ್ಲಿ ಸುಮಾರು 47 ಲಕ್ಷ ಅಮೆರಿಕನ್ನರು ಸೇನೆಯಲ್ಲಿದ್ದರು. ಎರಡನೇ ಯುದ್ಧದಲ್ಲಿ ಸುಮಾರು 1.6 ಕೋಟಿ. ಆಮೇಲೆ ಕೊರಿಯಾ. ಹೆಚ್ಚುಕಮ್ಮಿ ಪ್ರತಿ ಬೀದಿಯಲ್ಲೂ ಒಬ್ಬ ಮಾಜಿ ಸೈನಿಕ ಇದ್ದ, ಆದರೆ ಅವರಲ್ಲಿ ಬಹುಪಾಲು ಜನರಿಗೆ ಒಂದು ದಿನ ಇರಲಿಲ್ಲ. ನವೆಂಬರ್ 11 ಕಾಗದದ ಮೇಲೆ ಮೊದಲ ಯುದ್ಧದವರದ್ದು.

ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ ರೇಮಂಡ್ ವೀಕ್ಸ್ ಎಂಬುವರಿದ್ದರು. ಎರಡನೇ ಯುದ್ಧದಲ್ಲಿ ನೌಕಾಪಡೆಯಲ್ಲಿದ್ದವರು. ಎಲ್ಲ ಯುದ್ಧಗಳ ಎಲ್ಲ ಸೈನಿಕರಿಗೂ ನವೆಂಬರ್ 11 ಸೇರಬೇಕು ಅಂತ ಅವರು ಹಟ ಹಿಡಿದರು. ಆಗ ಸೇನಾ ಮುಖ್ಯಸ್ಥರಾಗಿದ್ದ ಐಸೆನ್‌ಹೋವರ್ ಅವರ ಹತ್ತಿರ ಒಂದು ನಿಯೋಗ ಕರೆದುಕೊಂಡು ಹೋದರು. 1947ರಿಂದ ತಮ್ಮ ಊರಿನಲ್ಲಿ ಆಚರಣೆ ಶುರು ಮಾಡಿ, 1985ರಲ್ಲಿ ತೀರಿಕೊಳ್ಳುವವರೆಗೂ ನಡೆಸಿದರು. 1982ರಲ್ಲಿ ಅಧ್ಯಕ್ಷ ರೇಗನ್ ಅವರಿಗೆ ಪದಕ ಕೊಟ್ಟು ಗೌರವಿಸಿದರು.

ನನಗೆ ಇನ್ನೂ ಇಷ್ಟವಾದವರು ಕಾನ್ಸಾಸ್ ರಾಜ್ಯದ ಎಂಪೋರಿಯಾ ಎಂಬ ಸಣ್ಣ ಊರಿನ ಆಲ್ವಿನ್ ಕಿಂಗ್. ಅವರದ್ದು ಬೂಟು, ಚಪ್ಪಲಿ ರಿಪೇರಿ ಅಂಗಡಿ. ಅವರು ಮನೆಯಲ್ಲಿಟ್ಟುಕೊಂಡು ಬೆಳೆಸಿದ್ದ ಹುಡುಗ ಎರಡನೇ ಯುದ್ಧದಲ್ಲಿ ಸತ್ತಿದ್ದ. ಮೊದಲ ಯುದ್ಧದವರಿಗೆ ಒಂದು ದಿನ ಇದೆ, ನಮ್ಮ ಹುಡುಗನ ಜೊತೆಯವರಿಗೆ ಯಾಕಿಲ್ಲ ಅನ್ನುವುದು ಅವರ ಸರಳ ಪ್ರಶ್ನೆ. 1953ರ ನವೆಂಬರ್ 11ರಂದು ಎಂಪೋರಿಯಾ ಆ ದಿನವನ್ನು ಎಲ್ಲ ಮಾಜಿ ಸೈನಿಕರ ದಿನ ಅಂತ ಆಚರಿಸಿತು. ಊರಿನ ಬಹುತೇಕ ಅಂಗಡಿಗಳು ಬಾಗಿಲು ಹಾಕಿದವು. ಅದೇ ಊರಿನ ಸಂಸದ ಎಡ್ ರೀಸ್ ಮಸೂದೆ ತಂದರು. ಅಷ್ಟರಲ್ಲಿ ಐಸೆನ್‌ಹೋವರ್ ಅಧ್ಯಕ್ಷರಾಗಿದ್ದರು. 1954ರ ಜೂನ್ 1ರಂದು ಸಹಿ ಹಾಕಿದರು. 1938ರ ಕಾಯ್ದೆಯಲ್ಲಿದ್ದ 'ಆರ್ಮಿಸ್ಟೈಸ್' ಹೋಗಿ 'ವೆಟರನ್ಸ್' ಬಂತು. ತಾರೀಖನ್ನು ಮುಟ್ಟಲಿಲ್ಲ.

ಹೆಸರು ಬದಲಾದದ್ದು ಸಣ್ಣ ವಿಷಯ ಅಲ್ಲ. ಯುದ್ಧ ನಿಂತ ದಿನ ಯುದ್ಧ ಮಾಡಿದವರ ದಿನವಾಯಿತು. ಅಮೆರಿಕದ ಮಾಜಿ ಸೈನಿಕರಲ್ಲೇ ಇದನ್ನು ಒಪ್ಪದವರು ಇದ್ದಾರೆ. ವೆಟರನ್ಸ್ ಫಾರ್ ಪೀಸ್ ಎಂಬ ಅವರ ಸಂಘಟನೆ ಇವತ್ತಿಗೂ ನಮಗೆ ಆರ್ಮಿಸ್ಟೈಸ್ ಡೇ ವಾಪಸ್ ಬೇಕು ಅನ್ನುತ್ತದೆ. ಅವರ ಮಾತಿನಲ್ಲಿ ತೂಕ ಇದೆ ಅಂತಲೇ ನನ್ನ ಅಭಿಪ್ರಾಯ. ಆದರೆ 1954ರಲ್ಲಿ ಆ ತಕರಾರು ಜೋರಾಗಿ ಏಳಲಿಲ್ಲ. ಬದಲಾವಣೆ ಕೇಳಿದವರು ಸೈನಿಕರೇ, ಮಗನನ್ನು ಕಳೆದುಕೊಂಡ ಮನೆಯವರೇ. ಮೊದಲ ಯುದ್ಧದ ಮುದುಕರೂ ಏನನ್ನೂ ಕಳೆದುಕೊಳ್ಳಲಿಲ್ಲ. ಅದೇ ದಿನ, ಅದೇ ಹನ್ನೊಂದು ಗಂಟೆಗೆ ಅವರ ಪಕ್ಕದಲ್ಲಿ ಇನ್ನಷ್ಟು ಜನ ಬಂದು ನಿಂತರು, ಅಷ್ಟೇ.

ಸೋಮವಾರದ ಆಸೆ

ಹದಿನಾಲ್ಕು ವರ್ಷ ಆದ ಮೇಲೆ ಇನ್ನೊಂದು ಕಾಯ್ದೆ ಬಂತು. 1968ರ ಜೂನ್ 28ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಏಕರೂಪ ಸೋಮವಾರ ರಜಾ ಕಾಯ್ದೆಗೆ ಸಹಿ ಹಾಕಿದರು. (ಮೊದಲ ಮಹಾಯುದ್ಧವನ್ನು ಕಾಗದದ ಮೇಲೆ ಮುಗಿಸಿದ ವರ್ಸೇಲ್ಸ್ ಒಪ್ಪಂದಕ್ಕೆ ಸಹಿ ಬಿದ್ದದ್ದೂ ಜೂನ್ 28ರಂದೇ, 1919ರಲ್ಲಿ. ಸುಮ್ನೆ ಕಾಕತಾಳೀಯ, ಆದರೂ ಹೇಳದೆ ಇರಲು ಆಗಲಿಲ್ಲ.) ಈ ಕಾಯ್ದೆ ಪ್ರಕಾರ ಮೊದಲ ಅಧ್ಯಕ್ಷ ವಾಷಿಂಗ್ಟನ್ ಅವರ ಜನ್ಮದಿನ ಫೆಬ್ರವರಿಯ ಮೂರನೇ ಸೋಮವಾರ, ಯುದ್ಧದಲ್ಲಿ ಸತ್ತವರನ್ನು ನೆನೆಯುವ ಮೆಮೋರಿಯಲ್ ಡೇ ಮೇ ತಿಂಗಳ ಕೊನೆಯ ಸೋಮವಾರ, ವೆಟರನ್ಸ್ ಡೇ ಅಕ್ಟೋಬರ್‌ನ ನಾಲ್ಕನೇ ಸೋಮವಾರ. ಕೊಲಂಬಸ್ ಡೇ ಕೂಡ ರಜೆಯಾಗಿ ಸೇರಿ ಅಕ್ಟೋಬರ್‌ನ ಎರಡನೇ ಸೋಮವಾರಕ್ಕೆ ಬಂತು. ಜಾರಿ 1971ರ ಜನವರಿ 1ರಿಂದ.

ಇದನ್ನು ತಂದವರನ್ನು ಖಳನಾಯಕರ ಥರ ನೋಡುವುದು ಸುಲಭ, ಆದರೆ ಅವರ ವಾದ ತೀರಾ ಬುಡವಿಲ್ಲದ್ದೇನೂ ಅಲ್ಲ. ವಾರದ ನಡುವೆ ರಜೆ ಬಂದರೆ ಕಾರ್ಖಾನೆ ನಿಲ್ಲಿಸಿ ಮತ್ತೆ ಶುರು ಮಾಡಬೇಕು. ಗುರುವಾರ ರಜೆ ಇದ್ದರೆ ಶುಕ್ರವಾರವೂ ಎಷ್ಟೋ ಜನ ಬರುವುದಿಲ್ಲ. ಮೂರು ದಿನ ಒಟ್ಟಿಗೆ ಸಿಕ್ಕರೆ ದೂರದ ಅಪ್ಪ ಅಮ್ಮನನ್ನು ನೋಡಿ ಬರಬಹುದು, ಊರು ಸುತ್ತಬಹುದು. ವ್ಯಾಪಾರದ ಸಂಘಗಳು, ಪ್ರವಾಸೋದ್ಯಮದವರು ಜೋರಾಗಿ ಬೆಂಬಲಿಸಿದರು. ಹೊಸ ವರ್ಷದ ಕ್ಯಾಲೆಂಡರ್ ಬಂದ ಕೂಡಲೇ ಲಾಂಗ್ ವೀಕೆಂಡ್ ಎಲ್ಲೆಲ್ಲಿದೆ ಅಂತ ಎಣಿಸುವ ನಾವು ಅವರನ್ನು ನೋಡಿ ನಗುವ ಹಾಗಿಲ್ಲ, ಅಲ್ವಾ?

ಆದರೆ ಒಂದು ಕಡೆ ಅವರೇ ಸಿಕ್ಕಿಬಿದ್ದರು. ತಮ್ಮ ಸ್ವಾತಂತ್ರ್ಯ ದಿನವಾದ ಜುಲೈ 4ನ್ನು ಮುಟ್ಟಲಿಲ್ಲ. ಕ್ರಿಸ್‌ಮಸ್ ಮುಟ್ಟಲಿಲ್ಲ. ಅಂದರೆ ಕೆಲವು ದಿನಗಳನ್ನು ಜರುಗಿಸಲು ಬರುವುದಿಲ್ಲ ಅಂತ ಅವರಿಗೂ ಗೊತ್ತಿತ್ತು. ನಮ್ಮಲ್ಲಿ ಯಾರಾದರೂ ಸ್ವಾತಂತ್ರ್ಯ ದಿನವನ್ನು ಆಗಸ್ಟ್‌ನ ಮೂರನೇ ಸೋಮವಾರ ಮಾಡೋಣ, ಮಂಡ್ಯಕ್ಕೋ ಶಿರಸಿಗೋ ಊರಿಗೆ ಹೋಗಿ ಬರಲು ಅನುಕೂಲ ಅಂದರೆ ಹೇಗಿರುತ್ತದೆ? ನವೆಂಬರ್ 11 ಯಾವ ಪಟ್ಟಿಗೆ ಸೇರಿದ್ದು ಎಂಬ ಅಂದಾಜು ಮಾತ್ರ ಅವರಿಗೆ ತಪ್ಪಿತು. ಅಮೆರಿಕನ್ ಲೀಜನ್, ವೆಟರನ್ಸ್ ಆಫ್ ಫಾರಿನ್ ವಾರ್ಸ್ ಎಂಬ ಮಾಜಿ ಸೈನಿಕರ ಎರಡು ದೊಡ್ಡ ಸಂಘಗಳು ಬೇಡ ಅಂದಿದ್ದವು. ಯಾರ ಗೌರವಕ್ಕೆ ಈ ದಿನ ಇತ್ತೋ ಅವರೇ ಬೇಡ ಅನ್ನುತ್ತಿದ್ದಾಗ ಇನ್ನೇನು ಬೇಕಿತ್ತು ಅನಿಸುತ್ತದೆ.

ಎದುರಿಗೇ ಒಂದು ಉದಾಹರಣೆಯೂ ಇತ್ತು. ಪಕ್ಕದ ಕೆನಡಾ 1921ರಲ್ಲಿ ಹೀಗೇ ಮಾಡಿತ್ತು. ನವೆಂಬರ್ 11 ಬರುವ ವಾರದ ಸೋಮವಾರಕ್ಕೆ ಆರ್ಮಿಸ್ಟೈಸ್ ಡೇ ಮತ್ತು ಥ್ಯಾಂಕ್ಸ್‌ಗಿವಿಂಗ್ ಎರಡನ್ನೂ ಒಂದೇ ರಜೆಯಾಗಿ ಕಟ್ಟಿತ್ತು. ಹಬ್ಬದ ಊಟ, ಸತ್ತವರ ನೆನಪು ಎರಡೂ ಒಂದೇ ದಿನ. ಮಾಜಿ ಸೈನಿಕರಿಗೆ ಅದು ಸರಿ ಕಾಣಲಿಲ್ಲ. 1931ರಲ್ಲಿ ಅಲ್ಲಿನ ಸಂಸತ್ತು ಎರಡನ್ನೂ ಬೇರೆ ಮಾಡಿ, ನೆನಪಿನ ದಿನವನ್ನು ನವೆಂಬರ್ 11ಕ್ಕೇ ಕಟ್ಟಿ, ರಿಮೆಂಬ್ರೆನ್ಸ್ ಡೇ ಅಂತ ಹೆಸರಿಟ್ಟಿತು. ಹತ್ತು ವರ್ಷದ ಈ ಪ್ರಯೋಗ ಅಮೆರಿಕದವರಿಗೆ ಕಾಣಿಸಲಿಲ್ಲವೋ, ಕಂಡರೂ ನಮ್ಮ ಕಥೆ ಬೇರೆ ಅಂದುಕೊಂಡರೋ.

ಒಂದೇ ದಿನಕ್ಕೆ ಎರಡು ತಾರೀಖು

1971ರ ಅಕ್ಟೋಬರ್ 25, ಸೋಮವಾರ. ಹೊಸ ಲೆಕ್ಕದ ಮೊದಲ ವೆಟರನ್ಸ್ ಡೇ. ಗೊಂದಲ ಶುರುವಾಯಿತು.

ಗೊಂದಲ ಯಾಕೆ ಅಂತ ತಿಳಿಯಲು ಅಲ್ಲಿನ ರಜೆಯ ವ್ಯವಸ್ಥೆ ಸ್ವಲ್ಪ ಗೊತ್ತಿರಬೇಕು. ಅಮೆರಿಕದಲ್ಲಿ ಇಡೀ ದೇಶವನ್ನು ಮುಚ್ಚಿಸುವ ರಾಷ್ಟ್ರೀಯ ರಜೆ ಅಂತ ನಿಜವಾಗಿ ಯಾವುದೂ ಇಲ್ಲ. ಅಲ್ಲಿನ ಸಂಸತ್ತಾದ ಕಾಂಗ್ರೆಸ್ ರಜೆ ಕೊಡುವುದು ಕೇಂದ್ರ ಸರ್ಕಾರದ ನೌಕರರಿಗೆ ಮತ್ತು ರಾಜಧಾನಿ ವಾಷಿಂಗ್ಟನ್‌ಗೆ. ಉಳಿದದ್ದು ಆಯಾ ರಾಜ್ಯದ ಕೈಯಲ್ಲಿ. ಖಾಸಗಿ ಕಂಪನಿಗಳಿಗಂತೂ ಅವರವರ ಇಷ್ಟ. ಸಾಮಾನ್ಯವಾಗಿ ರಾಜ್ಯಗಳು ಕೇಂದ್ರದ ತಾರೀಖನ್ನೇ ಹಿಡಿಯುವುದರಿಂದ ಈ ಬಿರುಕು ಕಣ್ಣಿಗೆ ಬೀಳುವುದಿಲ್ಲ. 1971ರಲ್ಲಿ ಬಿತ್ತು. ಕೆಲವು ರಾಜ್ಯಗಳು ಅಕ್ಟೋಬರ್‌ಗೆ ಹೋದವು. ಕೆಲವು ನವೆಂಬರ್ 11 ಬಿಡಲೇ ಇಲ್ಲ. ಹೋಗಿದ್ದವುಗಳಲ್ಲಿ ಒಂದೊಂದೇ ಹಿಂದಕ್ಕೆ ಬರತೊಡಗಿದವು.

ಫಲ ಏನಾಯಿತು? ಹಳೇ ತಾರೀಖು ಉಳಿಸಿಕೊಂಡ ರಾಜ್ಯದಲ್ಲಿ ಅಂಚೆ ಕಚೇರಿಗೆ ಅಕ್ಟೋಬರ್‌ನಲ್ಲಿ ರಜೆ, ರಾಜ್ಯದ ಕಚೇರಿಗೆ ನವೆಂಬರ್‌ನಲ್ಲಿ. ಅಂಚೆಯಲ್ಲಿ ಕೆಲಸ ಮಾಡುವ ಅಪ್ಪ ಮನೆಯಲ್ಲಿ ಕೂತ ದಿನ ಮಗ ಶಾಲೆಗೆ ಹೋಗುತ್ತಿದ್ದ. ಮಗನಿಗೆ ರಜೆ ಬಂದ ದಿನ ಅಪ್ಪ ಡ್ಯೂಟಿಯಲ್ಲಿ. ಕುಟುಂಬ ಒಟ್ಟಿಗಿರಲಿ ಅಂತ ಮಾಡಿದ ಕಾಯ್ದೆಯ ಕಥೆ ಇದು.

ಅತೀ ತಮಾಷೆ 1974ರಲ್ಲಿ. ಆ ವರ್ಷ ನವೆಂಬರ್ 11 ತಾನಾಗಿಯೇ ಸೋಮವಾರ ಬಂದಿತ್ತು. ಕಾಯ್ದೆಗೆ ಬೇಕಾಗಿದ್ದ ಮೂರು ದಿನದ ರಜೆ ಬಿಟ್ಟಿಯಾಗಿ ಸಿಗುತ್ತಿತ್ತು. ಆದರೂ ಕೇಂದ್ರ ಸರ್ಕಾರದವರು ಅಕ್ಟೋಬರ್ 28ರ ಸೋಮವಾರವೇ ರಜೆ ಮಾಡಿ, ನವೆಂಬರ್ 11ರ ಸೋಮವಾರ ಆಫೀಸಿಗೆ ಹೋದರು. 1918ರ ಆ ನವೆಂಬರ್ 11 ಕೂಡ ಸೋಮವಾರವೇ ಆಗಿತ್ತು.

ಆಚರಣೆಯ ಮಾತು ಬೇರೆ. ಊರೂರಲ್ಲಿ ಮೆರವಣಿಗೆ ತೆಗೆಯುವವರು, ಸ್ಮಾರಕಕ್ಕೆ ಹೂವಿನ ಚಕ್ರ ಇಡುವವರು, ಬಿಗುಲ್ ಊದಿಸುವವರು ಸರ್ಕಾರದವರಲ್ಲ. ಲೀಜನ್‌ನ ಸ್ಥಳೀಯ ಘಟಕಗಳ ಮುದುಕರು. ಅವರಿಗೆ ಅಕ್ಟೋಬರ್ 25ರಂದು ಮಾಡಲು ಏನಿತ್ತು? ಹನ್ನೊಂದು ಗಂಟೆಗೆ ಮೌನ ನಿಲ್ಲುವುದಕ್ಕೂ ಆ ದಿನಕ್ಕೂ ಸಂಬಂಧವೇ ಇಲ್ಲ. ಹಾಗಾಗಿ ಎಷ್ಟೋ ಕಡೆ ರಜೆ ಅಕ್ಟೋಬರ್‌ನಲ್ಲಿ, ಕಾರ್ಯಕ್ರಮ ನವೆಂಬರ್‌ನಲ್ಲಿ ಆಯಿತು. ರಜೆಯನ್ನು ಜರುಗಿಸಬಹುದು, ನೆನಪನ್ನು ನಡೆಸುವವರು ಬೇರೆಯವರಾದರೆ ಅವರನ್ನೂ ಜರುಗಿಸಲು ಕಾಯ್ದೆಯಿಂದ ಆಗುವುದಿಲ್ಲ. ಇಡೀ ಪ್ರಕರಣದ ಕೀಲು ಇದು ಅಂತ ನನಗೆ ತೋರುತ್ತದೆ.

ಬ್ರಿಟನ್‌ನವರೂ ದಿನ ಬದಲಿಸಿದ್ದರಲ್ಲ ಅಂತ ಯಾರಾದರೂ ಕೇಳಬಹುದು. ಹೌದು. ಎರಡನೇ ಯುದ್ಧದ ಕಾಲದಲ್ಲಿ ಕಾರ್ಖಾನೆ ಕೆಲಸ ನಿಲ್ಲಬಾರದು ಅಂತ ಅವರು ಆಚರಣೆಯನ್ನು ಭಾನುವಾರಕ್ಕೆ ತಂದರು. ಯುದ್ಧ ಮುಗಿದ ಮೇಲೂ ಅದು ರಿಮೆಂಬ್ರೆನ್ಸ್ ಸಂಡೇ ಆಗಿ ಉಳಿಯಿತು, ನವೆಂಬರ್‌ನ ಎರಡನೇ ಭಾನುವಾರ. ಅಲ್ಲಿ ಅದು ಬೇರೂರಿತು. ಆದರೆ ಅದು ನವೆಂಬರ್ 11ರ ಆಸುಪಾಸಿನಲ್ಲೇ ಇದೆ, ಭಾನುವಾರ ಚರ್ಚಿಗೆ ಹೋಗುವ ರೂಢಿಗೂ ಹೊಂದಿಕೊಂಡಿತು. ಮುಖ್ಯವಾಗಿ, ಜರುಗಿಸಿದ ಕಾರಣವೇ ಯುದ್ಧ. ಪಿಕ್ನಿಕ್‌ಗಾಗಿ ಜರುಗಿಸಿದರು ಅಂತ ಯಾರೂ ಹೇಳುವ ಹಾಗಿರಲಿಲ್ಲ.

ಅಮೆರಿಕದ ಆ ಏಳು ವರ್ಷಗಳ ಕಾಲಮಾನವೂ ಕೆಟ್ಟದ್ದಾಗಿತ್ತು. ವಿಯೆಟ್ನಾಂನಿಂದ ಸೈನಿಕರು ವಾಪಸ್ ಬರುತ್ತಿದ್ದ ಕಾಲ ಅದು. 1973ರ ಜನವರಿಯಲ್ಲಿ ಪ್ಯಾರಿಸ್ ಒಪ್ಪಂದ, ಆ ವಸಂತದಲ್ಲಿ ಯುದ್ಧ ಕೈದಿಗಳು ಮನೆಗೆ, 1975ರ ಏಪ್ರಿಲ್ 30ರಂದು ಸೈಗಾನ್ ಪತನ. ಆ ಯುದ್ಧದ ಬಗ್ಗೆ ದೇಶ ಎರಡಾಗಿ ಒಡೆದಿತ್ತು. ಹಿಂದಿನ ಯುದ್ಧಗಳವರಿಗೆ ಸಿಕ್ಕ ಸ್ವಾಗತ ಇವರಿಗೆ ಸಿಗಲಿಲ್ಲ. ಅದೇ ಹೊತ್ತಿಗೆ ಮಾಜಿ ಸೈನಿಕರ ದಿನ ಯಾವುದು ಅಂತಲೇ ಸರ್ಕಾರಕ್ಕೂ ರಾಜ್ಯಗಳಿಗೂ ಒಮ್ಮತ ಇರಲಿಲ್ಲ. ಒಂದರಿಂದ ಇನ್ನೊಂದಾಯಿತು ಅಂತ ನಾನು ಹೇಳುತ್ತಿಲ್ಲ. ಆದರೆ ಆ ಕಾಲದಲ್ಲಿ ಮನೆಗೆ ಬಂದ ಹುಡುಗನೊಬ್ಬನ ಕಣ್ಣಲ್ಲಿ ನೋಡಿದರೆ, ಅವನ ಹೆಸರಿನ ದಿನ ಶಾಪಿಂಗ್ ಮಾಡಲು ಅನುಕೂಲವಾದ ಒಂದು ಸೋಮವಾರ.

ವಾಪಸ್ ಬಂದದ್ದು

ಲೀಜನ್‌ನವರು, ಇತರ ಸಂಘದವರು ಸುಮ್ಮನಿರಲಿಲ್ಲ. ರಾಜ್ಯಗಳ ಶಾಸಕರನ್ನು ಹಿಡಿದರು, ಕಾಂಗ್ರೆಸ್ ಸದಸ್ಯರನ್ನು ಹಿಡಿದರು. ಬಹುಪಾಲು ರಾಜ್ಯಗಳು ನವೆಂಬರ್ 11ರಲ್ಲಿ ಉಳಿದಿದ್ದವು, ಇಲ್ಲವೇ ಅಲ್ಲಿಗೆ ಮರಳಿದ್ದವು. ಕೊನೆಗೆ ಅಕ್ಟೋಬರ್‌ನಲ್ಲಿ ಹೆಚ್ಚುಕಮ್ಮಿ ಒಂಟಿಯಾಗಿ ನಿಂತದ್ದು ಕೇಂದ್ರ ಸರ್ಕಾರವೇ. 1975ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಹೊಸ ಕಾಯ್ದೆಗೆ ಸಹಿ ಹಾಕಿದರು. ಅವರೂ ಎರಡನೇ ಯುದ್ಧದಲ್ಲಿ ನೌಕಾಪಡೆಯಲ್ಲಿದ್ದವರು. 1978ರಿಂದ ವೆಟರನ್ಸ್ ಡೇ ಮತ್ತೆ ನವೆಂಬರ್ 11.

1978ರಲ್ಲಿ ನವೆಂಬರ್ 11 ಬಂದದ್ದು ಶನಿವಾರ! ಶನಿವಾರ ಬಂದರೆ ಕೇಂದ್ರ ನೌಕರರಿಗೆ ಹಿಂದಿನ ಶುಕ್ರವಾರ ರಜೆ, ಭಾನುವಾರ ಬಂದರೆ ಮರುದಿನ ಸೋಮವಾರ ರಜೆ ಅನ್ನುವುದು ಅಲ್ಲಿನ ನಿಯಮ. ಹೀಗೆ ಮೂರು ದಿನದ ರಜೆಯನ್ನು ಬಿಟ್ಟು ತಾರೀಖನ್ನು ಆರಿಸಿಕೊಂಡವರಿಗೆ ಮೊದಲ ವರ್ಷವೇ ಮೂರು ದಿನದ ರಜೆ ಸಿಕ್ಕಿತು.

ಈಗ ಆರ್ಲಿಂಗ್ಟನ್‌ನ ಅಜ್ಞಾತ ಸೈನಿಕನ ಸಮಾಧಿಯ ಮುಂದೆ ಪ್ರತಿ ನವೆಂಬರ್ 11ರ ಬೆಳಿಗ್ಗೆ 11ಕ್ಕೆ ಹೂವಿನ ಚಕ್ರ ಇಡುತ್ತಾರೆ. ಅಂಗಡಿಗಳಲ್ಲಿ ರಿಯಾಯಿತಿ ಮಾರಾಟವೂ ಇರುತ್ತದೆ, ಹೋಟೆಲ್‌ಗಳು ಮಾಜಿ ಸೈನಿಕರಿಗೆ ಉಚಿತ ಊಟ ಕೊಡುತ್ತವೆ. ತಾರೀಖು ವಾಪಸ್ ಬಂದ ಮಾತ್ರಕ್ಕೆ ವ್ಯಾಪಾರ ದೂರ ಹೋಗಲಿಲ್ಲ.

ನಮ್ಮ ದೇಶದಲ್ಲಿ ಜನವರಿ 14 ಸಶಸ್ತ್ರ ಪಡೆಗಳ ಮಾಜಿ ಸೈನಿಕರ ದಿನ, 2016ರಿಂದ. ಕೊಡಗಿನವರಾದ ಕೆ.ಎಂ. ಕಾರ್ಯಪ್ಪ 1953ರಲ್ಲಿ ನಿವೃತ್ತರಾದ ದಿನ ಅದು. ರಜೆ ಇಲ್ಲ. ಆದರೆ ಸಂಕ್ರಾಂತಿ ಅದೇ ದಿನ ಅಥವಾ ಮರುದಿನ ಬರುವುದರಿಂದ ಎಳ್ಳುಬೆಲ್ಲದ ಗಡಿಬಿಡಿಯಲ್ಲಿ ಎಷ್ಟು ಮನೆಗಳಿಗೆ ಇದು ಗೊತ್ತಿದೆಯೋ ಏನೋ. ಆರ್ಮಿ ಡೇ ಆದ ಜನವರಿ 15 ಕಾರ್ಯಪ್ಪ 1949ರಲ್ಲಿ ಅಧಿಕಾರ ವಹಿಸಿಕೊಂಡ ದಿನ. ಡಿಸೆಂಬರ್ 7ರ ಧ್ವಜ ದಿನ ಶಾಲೆಯಲ್ಲಿ ಸಣ್ಣ ಬಾವುಟ ಕೊಂಡವರಿಗೆಲ್ಲ ಗೊತ್ತು. ಜನವರಿ 14 ಇನ್ನೂ ಬೀದಿಗೆ ಇಳಿದಿಲ್ಲ. ಎಂಪೋರಿಯಾದಲ್ಲಿ ಅಂಗಡಿಯವರು ಬಾಗಿಲು ಹಾಕಿದ ಹಾಗೆ ಇಲ್ಲಿ ಸೋಮವಾರಪೇಟೆಯೋ ವಿರಾಜಪೇಟೆಯೋ ತಾನಾಗಿ ಮುಂದೆ ಬಂದರೆ ಆಗ ಬೇರೆ ಮಾತು.

ಜೊತೆಗೇ ಸೋಮವಾರಕ್ಕೆ ಹೋದ ಮೆಮೋರಿಯಲ್ ಡೇ ಯಾಕೆ ವಾಪಸ್ ಬರಲಿಲ್ಲ? ಅದು ಯುದ್ಧದಲ್ಲಿ ಸತ್ತವರ ದಿನ, ಗೌರವದಲ್ಲಿ ವೆಟರನ್ಸ್ ಡೇಗಿಂತ ಒಂದು ತೂಕ ಹೆಚ್ಚು. ಹಳೇ ತಾರೀಖು ಮೇ 30. ಅಂತರ್ಯುದ್ಧದ ಸಮಾಧಿಗಳಿಗೆ ಹೂವು ಇಡಲು ಜನರಲ್ ಜಾನ್ ಲೋಗನ್ 1868ರಲ್ಲಿ ಆರಿಸಿದ ದಿನ. ಆ ಹೊತ್ತಿಗೆ ದೇಶದ ಎಲ್ಲ ಕಡೆ ಹೂವು ಸಿಗುತ್ತದೆ ಅನ್ನುವುದು ಕಾರಣ ಅಂತ ಹೇಳುತ್ತಾರೆ. ನವೆಂಬರ್ 11ಕ್ಕೆ ಇದ್ದ ಹಾಗೆ ಅದಕ್ಕೆ ಒಂದು ಗಂಟೆ ಇರಲಿಲ್ಲ. ಮೇ ಕೊನೆ ಅಂದರೆ ಅಲ್ಲಿ ಬೇಸಿಗೆಯ ಬಾಗಿಲು, ಮೂರು ದಿನದ ರಜೆಗೆ ಹೇಳಿ ಮಾಡಿಸಿದ ಕಾಲ. ಜನ ಒಗ್ಗಿಕೊಂಡರು.

ಎಲ್ಲರೂ ಅಲ್ಲ. ಹವಾಯಿಯ ಸೆನೆಟರ್ ಡೇನಿಯಲ್ ಇನೊಯೆ ಎರಡನೇ ಯುದ್ಧದಲ್ಲಿ ಇಟಲಿಯಲ್ಲಿ ಬಲಗೈ ಕಳೆದುಕೊಂಡವರು. ಮೆಮೋರಿಯಲ್ ಡೇಯನ್ನು ಮೇ 30ಕ್ಕೇ ತನ್ನಿ ಅಂತ ಅವರು ಮತ್ತೆ ಮತ್ತೆ ಮಸೂದೆ ಮಂಡಿಸಿದರು. ಯಾವುದೂ ಕಾಯ್ದೆ ಆಗಲಿಲ್ಲ. 2012ರಲ್ಲಿ ಅವರು ತೀರಿಕೊಂಡರು. ಅದು ಇವತ್ತಿಗೂ ಮೇ ತಿಂಗಳ ಕೊನೆಯ ಸೋಮವಾರವೇ. ವಾಷಿಂಗ್ಟನ್ ಜನ್ಮದಿನದ ಕಥೆ ಇನ್ನೂ ತಮಾಷೆ. ಫೆಬ್ರವರಿಯ ಮೂರನೇ ಸೋಮವಾರ ಬರುವುದು 15ರಿಂದ 21ರೊಳಗೆ. ಅವರು ಹುಟ್ಟಿದ್ದು 22ರಂದು. ಅಂದರೆ ಆ ರಜೆ ಅವರ ಹುಟ್ಟುಹಬ್ಬದ ದಿನ ಬರಲು ಸಾಧ್ಯವೇ ಇಲ್ಲ.

2021ರಲ್ಲಿ ಕಾಂಗ್ರೆಸ್ ಇನ್ನೊಂದು ಹೊಸ ರಜೆ ಸೇರಿಸಿತು, ಜೂನ್‌ಟೀಂತ್. 1865ರ ಜೂನ್ 19ರಂದು ಟೆಕ್ಸಸ್‌ನ ಗಾಲ್ವೆಸ್ಟನ್‌ನಲ್ಲಿ ಗುಲಾಮರು ಬಿಡುಗಡೆಯಾದರು ಅಂತ ಸೇನಾಧಿಕಾರಿ ಆದೇಶ ಹೊರಡಿಸಿದ ದಿನ. ಕಪ್ಪು ಜನ ಒಂದೂವರೆ ಶತಮಾನದಿಂದ ತಾವೇ ಆಚರಿಸಿಕೊಂಡು ಬಂದಿದ್ದ ದಿನ. ಅದನ್ನು ಮೂರನೇ ಸೋಮವಾರ ಮಾಡಲಿಲ್ಲ. ಜೂನ್ 19 ಅಂತಲೇ ಕಾಯ್ದೆಯಲ್ಲಿ ಬರೆದರು.